ಲಂಗರಿನ ಅರ್ಥ ಹುಡುಕಿ ಕಾರ್ಕಳಕ್ಕೆ

ಕಾರ್ಗಿಲ್ ಯುದ್ಧದ ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾಪುವಿನಿಂದ ಹೊರಟೆ. ಜೊತೆಗಿದ್ದವರು ಹೆಂಡತಿಯ ಅಣ್ಣ ವಿಠಲ ಭಾವ. ನಾನು ವಾಯುಸೇನೆಯಲ್ಲಿದ್ದು ನಿವೃತ್ತನಾದವನು, ಭಾವ ನೌಕಾಸೇನೆಯವರು. ಹೋಗಬೇಕಾದದ್ದು ಕಾರ್ಕಳಕ್ಕೆ, ನನ್ನ ಗಿರಿಜಕ್ಕನ ಮನೆಗೆ. ಅವಳ ಮಗ ದಿನೇಶ ಭೂಸೇನೆಯ ಜವಾನ, ಯುದ್ಧ ನಡೆಯುತ್ತಿದ್ದ ಬೆಟ್ಟಗಳಲ್ಲೇ ಇದ್ದ. ಹಿಂದಿನ ಸಂಜೆ ಅಕ್ಕನ ಪಕ್ಕದ ಮನೆಯ ಫೋನಿಗೆ ಯಾರೋ ಹಿಂದಿಯಲ್ಲಿ ಕರೆ ಮಾಡಿದ್ದರಂತೆ. ‘ದಿನೇಶ್, ಲಂಗರ್’ ಎಂದಷ್ಟೇ ಕೇಳಿಸಿ ಲೈನು ಕಡಿದಿತ್ತು.

“ನೀನೂ ಮಿಲಿಟರಿಯವನಲ್ವಾ? ಲಂಗರ್ ಅಂದ್ರೆ ಎಂತ?” ಎಂದು ಅಕ್ಕ ಫೋನಿನಲ್ಲಿ ಕೇಳಿದ್ದಳು. ನನಗೆ ಗೊತ್ತಿದ್ದದ್ದು ಗುರುದ್ವಾರದಲ್ಲಿ ಬಂದವರಿಗೆಲ್ಲ ಊಟ ಹಾಕುವ ಲಂಗರ್ ಮಾತ್ರ. ಯುದ್ಧದ ನಡುವೆ ಗುರುದ್ವಾರ ಎಲ್ಲಿಂದ ಬರಬೇಕು?

ಬಸ್ಸಿನ ಕಿಟಕಿಯ ಟರ್ಪಾಲು ಹರಿದು ಮಳೆ ಒಳಗೇ ಹೊಡೆಯುತ್ತಿತ್ತು. “ನಮ್ಮಲ್ಲಿ ಲಂಗರು ಬಿತ್ತು ಅಂದ್ರೆ ಹಡಗು ನಿಂತಿತು ಅಂತ. ನಿಂತಿತು ಅಂದ ಮೇಲೆ...” ಎಂದು ಭಾವ ಶುರುಮಾಡಿದರು.

“ಸುಮ್ಮನಿರಿ ಮಾರಾಯ್ರೆ,” ಎಂದೆ.

ಉಡುಪಿಯಲ್ಲಿ ಬಸ್ಸು ಬದಲಿಸುವ ಮೊದಲು ಭಾವ ಬನ್ಸ್ ತರಿಸಿದರು. ನಾನು ನನ್ನದನ್ನು ಮುಟ್ಟಲಿಲ್ಲ, ಅವರು ಅದನ್ನೂ ತಿಂದರು. ಬಿರುಗಾಳಿಯಲ್ಲೂ ಊಟ ಬಿಡದ ಹಡಗಿನವರ ಅಭ್ಯಾಸ ಅದು. ಆದರೂ ನನಗೆ ಮೈಯೆಲ್ಲ ಉರಿಯಿತು.

ಭೂಸೇನೆಯ ಮಾತು ಭೂಸೇನೆಯವರನ್ನೇ ಕೇಳೋಣವೆಂದು ಮಣಿಪಾಲದಲ್ಲಿ ಇಳಿದು, ಭಾವನ ಪರಿಚಯದ ಸುಬೇದಾರ್ ಪಾಟೀಲರ ಮನೆ ಹುಡುಕಿದೆವು. ಬಿಜಾಪುರ ಕಡೆಯವರು, ನಿವೃತ್ತರಾದ ಮೇಲೆ ನರ್ಸ್ ಆಗಿರುವ ಮಗಳ ಜೊತೆ ಇಲ್ಲೇ ಇದ್ದರು. ವಿಷಯ ಕೇಳಿದವರೇ ಗಟ್ಟಿಯಾಗಿ ನಕ್ಕುಬಿಟ್ಟರು.

“ಲಂಗರ್ ಅಂದ್ರ ಅಡಗಿಮನೀರಿ! ಭೂಸೇನೆಯೊಳಗ ಜವಾನರ ಅಡಗಿಮನಿಗೆ ಹಂಗ ಅಂತಾರ. ನಿಮ್ಮ ಹುಡುಗಗ ಅಲ್ಲಿ ಡ್ಯೂಟಿ ಹಾಕ್ಯಾರ, ಗೆಳೆಯ ಯಾವನೋ ಸುದ್ದಿ ಮುಟ್ಟಿಸ್ಯಾನ.”

ನನಗೆ ಹೋದ ಜೀವ ಬಂದಂತಾಯಿತು. ನಾನೇ ಬರ್ತೀನಿ, ತಾಯಿಗೆ ಹೇಳ್ತೀನಿ ಎಂದು ಸುಬೇದಾರರು ಬೂಟು ಹಾಕಿ ನಮಗಿಂತ ಮೊದಲೇ ಬಸ್‌ಸ್ಟಾಪಿನಲ್ಲಿ ನಿಂತಿದ್ದರು.

ಪರ್ಕಳದ ಇಳಿಜಾರಿನಲ್ಲಿ ಮಾತು ಬೆಳೆಯಿತು. ಹಡಗು ಮುಳುಗಿದರೆ ಕಪ್ತಾನನೂ ಅಡುಗೆಯವನೂ ಒಂದೇ ನೀರಿಗೆ ಎಂದು ಭಾವ ಎದೆಯುಬ್ಬಿಸಿದರು. ನಮ್ಮ ವಾಯುಸೇನೆಯ ರೀತಿಯೇ ಬೇರೆ: ಯುದ್ಧಕ್ಕೆ ಹಾರುವವರು ಅಧಿಕಾರಿಗಳು, ನಮ್ಮಂಥವರು ವಿಮಾನ ಸಿದ್ಧಮಾಡಿ ಕಳಿಸಿ, ಅದು ತಿರುಗಿ ಬರುವುದನ್ನು ಕಾಯುವವರು. “ನಿಮ್ಮಲ್ಲಿ ಅಡುಗೆಯವರು ಆರಾಮಲ್ವಾ?” ಎಂದು ಸುಬೇದಾರರನ್ನು ಕೇಳಿದೆ.

ಅವರು ಕಿಟಕಿಯ ಕಡೆ ತಿರುಗಿದರು. “ಮ್ಯಾಲಿನ ಪೋಸ್ಟಿಗೆ ಊಟ ಹೊತ್ತು ಒಯ್ಯಾವ್ರು ಅವರs ರೀ. ಬಂದೂಕು ಹಿಡದಾವ ಯಾರು, ಡಬ್ಬಿ ಹೊತ್ತಾವ ಯಾರು, ಗುಂಡಿಗೇನು ಗೊತ್ತಾಗ್ತದ?”

ಹಿರಿಯಡ್ಕ ದಾಟಿ ಬೈಲೂರಿನ ಹತ್ತಿರ ಭಾವ ಮೆಲ್ಲಗೆ, “ಇದನ್ನು ಗಿರಿಜಕ್ಕನಿಗೆ ಹೇಳುವುದು ಬೇಡ,” ಎಂದರು. ನಾನು ಒಪ್ಪಿದೆ. ಸುಬೇದಾರರು ಹೂಂ ಎನ್ನಲಿಲ್ಲ.

ಅಕ್ಕ ಗೇಟಿನಲ್ಲೇ ಕಾಯುತ್ತಿದ್ದಳು. “ಅಡುಗೆಮನೆ ಡ್ಯೂಟಿ ಅಕ್ಕ, ಅಷ್ಟೇ,” ಎಂದೆ. ಅವಳು ಜಗಲಿಯಲ್ಲಿ ಕೂತು ಅತ್ತಳು, ಮತ್ತೆ ಎದ್ದು ನಗುತ್ತಾ ನಮಗೆಲ್ಲ ಗಂಜಿ ಬಡಿಸಿದಳು. ಬಡಿಸುತ್ತಿದ್ದವಳ ಕೈ ನಡುವೆ ನಿಂತಿತು.

“ಅಡುಗೆ ಕೆಳಗೆ ಮಾಡ್ತಾರೆ, ಸರಿ. ಗುಡ್ಡದ ಮೇಲೆ ಇರುವವರಿಗೆ ಊಟ ಯಾರು ಕೊಂಡುಹೋಗುವುದು?”

ಸುಳ್ಳಿಗೆ ತಯಾರಾಗಿಯೇ ಬಂದಿದ್ದ ನಾನು ಉಪ್ಪಿನಕಾಯಿಗೆ ಕೈ ಚಾಚಿದೆ. ಭಾವ ಬಟ್ಟಲು ನೋಡುತ್ತಾ ಕೂತರು.

“ಲಂಗರಿನವರs ಒಯ್ತಾರವ್ವ,” ಎಂದರು ಸುಬೇದಾರರು.

ಅಕ್ಕ ಅವರ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದಳು.

ಸಂಜೆಯ ಬಸ್ಸಿಗೆ ಹೊರಟಾಗ ಮಳೆಯಲ್ಲೇ ರಸ್ತೆಯ ತನಕ ಬಂದಳು. ಬಸ್ಸು ನಿಂತು, ಸುಬೇದಾರರು ಮೆಟ್ಟಿಲಿಗೆ ಕಾಲಿಟ್ಟಿದ್ದರು. ಆಗ ಹಿಂದಿನಿಂದ ಅವರ ತೋಳು ಹಿಡಿದು ಕೇಳಿದಳು:

“ದಿನಕ್ಕೆ ಎಷ್ಟು ಸಲ ಗುಡ್ಡ ಹತ್ತಬೇಕು?”