ಶೀನಣ್ಣನ ಸ್ವರದ ಯಂತ್ರ

ನಮ್ಮ ಪಿಂಚಣಿ ಕಚೇರಿಗೆ ನೀವು ಬಂದರೆ ಮೊದಲು ಗದರಿಸುವುದು ಗೋಡೆಯ ಮೇಲಿನ ಸ್ಪೀಕರ್. "ಹ್ವಾಯ್, ಮುಂದಿನ್ ಚೀಟಿಯರ್ ಬನ್ನಿ! ಹೊಸ್ಲ್ ಎತ್ರ ಇತ್ತ್, ಕಾಲ್ ಕಾಂತಾ ಬನ್ನಿ!" ಹೆದರಬೇಡಿ, ಕಾಲು ನೋಡಿಕೊಂಡು ದಾಟಿ ಎನ್ನುವುದಷ್ಟೇ, ಅದು ಪ್ರೀತಿ. ಗಂಟಲು ನನ್ನದು, ಸ್ವರ ಮಾತ್ರ ನನ್ನದಲ್ಲ. ಅದರ ನಿಜವಾದ ಯಜಮಾನರು ಇವತ್ತು ಬೆಳಿಗ್ಗೆ ಹೊರಗಿನ ಬೆಂಚಿನ ಮೇಲೆ ಬಂದು ಕೂತಿದ್ದರು.

ಶೀನಣ್ಣ ನಮ್ಮಲ್ಲಿ ಜವಾನರಾಗಿದ್ದವರು. ನಾನು ಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದಾಗ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಅವರು ಎಷ್ಟು ಗಟ್ಟಿಯಾಗಿ ಕೂತಿದ್ದರೆಂದರೆ, ಅದು ಸರಕಾರದ್ದೋ ಅವರ ಮನೆಯದೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೆಸರು ಹಿಡಿದು ಕರೆಯುವ ಪದ್ಧತಿ ಅವರದಲ್ಲ, ಊರು ಮತ್ತು ಗುರುತು ಹಿಡಿದೇ ಕೂಗು. "ನಾವುಂದದ್ ಬುಟ್ಟಿ ಅಮ್ಮ ಬನ್ನಿ! ಯಡ್ತರೆ ಕೆಮ್ಮಿನ್ ಅಜ್ಜ ಒಳ್ಗ್ ಹೋಯ್ನಿ!" ಕೆಮ್ಮು ಬಿಟ್ಟುಹೋಗಿದ್ದ ಅಜ್ಜನೂ ಮರ್ಯಾದೆಗೆಂದು ಒಮ್ಮೆ ಕೆಮ್ಮಿ ಏಳುತ್ತಿದ್ದರು.

ಊಟದ ಹೊತ್ತಿಗೆ ನಾನು ಎಲ್ಲರನ್ನೂ ಅಣಕಿಸುತ್ತಿದ್ದೆ. ಸಾಹೇಬರ ಮುಂದೆ ಹಲ್ಲು ಕಿಸಿದು ನಿಲ್ಲುವ ನನ್ನನ್ನೂ ಬಿಡುತ್ತಿರಲಿಲ್ಲ. ಶೀನಣ್ಣ ತಮ್ಮ ಅಣಕವನ್ನು ಕೇಳದವರಂತೆ ಉಂಡು, ಕೈ ತೊಳೆಯುವಾಗ ತಿದ್ದುತ್ತಿದ್ದರು: "ಸ್ವರ ಇವತ್ತ್ ಒಂಚೂರ್ ಮೂಗಲ್ ಬಂತ್."

ಹೀಗಿರುವಾಗ ಜಿಲ್ಲೆಯಿಂದ ಒಬ್ಬ ಮೇಡಂ ಬಂದರು. ಯಾರ ಹುದ್ದೆ ಯಾವುದು, ಅವರು ಮಾಡುತ್ತಿರುವುದೇನು, ಅರ್ಜಿ ಯಾಕೆ ತೆವಳುತ್ತದೆ ಎಂದು ನೋಡಿ ಸರಿಪಡಿಸುವುದು ಅವರ ಕೆಲಸ. ನೋಡಿದರೆ ನಮ್ಮಲ್ಲಿ ಯಾರೂ ತಮ್ಮ ಹುದ್ದೆಯ ಕೆಲಸ ಮಾಡುತ್ತಿರಲಿಲ್ಲ. ಕಡತ ಹೊರಬೇಕಾದ ಶೀನಣ್ಣ ಜನರನ್ನು ಕರೆಯುತ್ತಿದ್ದರು. ಟೈಪು ಮಾಡಬೇಕಾದ ನಾನು ಕಡತ ಹೊರುತ್ತಿದ್ದೆ. ನನ್ನ ಟೈಪನ್ನು ಗುಮಾಸ್ತೆ ಶಾರದಕ್ಕ ಗೊಣಗುತ್ತ ಮಾಡುತ್ತಿದ್ದರು. ಅರ್ಜಿ ಮಾತ್ರ ಮೇಜಿನಿಂದ ಮೇಜಿಗೆ ನೆಂಟರ ಮನೆ ತಿರುಗಿದ ಹಾಗೆ ತಿರುಗಿಕೊಂಡಿತ್ತು.

"ನಿಮ್ಮ ಹುದ್ದೆಯಲ್ಲಿ ಕರೆಯುವ ಕೆಲಸವೇ ಇಲ್ಲವಲ್ಲ, ಶೀನಣ್ಣ?" ಎಂದರು ಮೇಡಂ.

"ಇಲ್ದಿದ್ರೆ ಸೇರ್ಸಿ ಅಮ್ಮ. ಬಾಗಿಲ್ ಬಿಟ್ರೆ ನಂಗ್ ಆಫೀಸಂಗೆ ಎಂತ ಇತ್ತ್?"

ತಮಾಷೆಯ ಹಾಗೇ ಹೇಳಿದರು. ಆದರೆ ನಗಲಿಲ್ಲ.

ಮೇಡಂ ಸೇರಿಸಲಿಲ್ಲ. ಅವರವರ ಕೆಲಸ ಅವರವರಿಗೆ ಬಂತು. ಅರ್ಜಿ ಒಂದೇ ಮೇಜಿನಲ್ಲಿ ಮುಗಿಯತೊಡಗಿತು. ಅದು ನಿಜಕ್ಕೂ ಒಳ್ಳೆಯದೇ ಆಯಿತು. ಚೀಟಿ ಕೊಟ್ಟು ಕರೆಯುವ ಯಂತ್ರವೂ ಬಂತು. ಸ್ಟೂಲು ಹಿಂದಿನ ಕಡತದ ಕೋಣೆಗೆ ಹೋಯಿತು, ಅದರ ಹಿಂದೆಯೇ ಶೀನಣ್ಣ.

ಯಂತ್ರದೊಳಗಿನ ಹೆಂಗಸು ಮೊದಲ ದಿನ "ದಯವಿಟ್ಟು ಆಗಮಿಸಿ" ಎಂದಳು. ಬೆಂಚಿನಿಂದ ಒಬ್ಬರೂ ಏಳಲಿಲ್ಲ.

"ಒಳ್ಗ್ ಹೋಯ್ಕ್ ಅಲ್ದಾ ಅಮ್ಮ?" ಎಂದು ನಾವುಂದದ ಅಮ್ಮನನ್ನು ಕೇಳಿದೆ.

"ಕರ್ದ್ರೆ ಹೋತೆ ಮಗಾ. ಅದ್ ಯಾರೋ ದೊಡ್ಡವ್ರಿಗೆ ಹೇಳುದ್."

ಒಳಗೆ ಮೇಜು ಖಾಲಿ, ಹೊರಗೆ ಬೆಂಚು ಭರ್ತಿ. ನನಗೆ ತಡೆಯಲಾಗಲಿಲ್ಲ. ಶೀನಣ್ಣನ ಸ್ವರ ತೆಗೆದು ಕೂಗಿದೆ: "ಹ್ವಾಯ್, ನಾವುಂದದ್ ಬುಟ್ಟಿ ಅಮ್ಮ!" ಇಡೀ ಬೆಂಚೇ ಎದ್ದು ನಿಂತಿತು. ಕಡತದ ಕೋಣೆಯಿಂದ ಶೀನಣ್ಣನೂ ಒಳಗಿನಿಂದ ಮೇಡಮ್ಮೂ ಹೊರಗೆ ಬಂದರು. ನನ್ನ ಗುತ್ತಿಗೆ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮೇಡಂ ನಕ್ಕುಬಿಟ್ಟರು. ಯಂತ್ರಕ್ಕೆ ಶೀನಣ್ಣನ ಸ್ವರವನ್ನೇ ತುಂಬಿಸಿ ಎಂದರು. ಆದರೆ ಮೈಕು ಕಂಡದ್ದೇ ಶೀನಣ್ಣ ಅಂಗಿ ಎಳೆದು ಸರಿಮಾಡಿಕೊಂಡು, "ಸನ್ಮಾನ್ಯ ಫಲಾನುಭವಿಗಳೇ..." ಎಂದು ಶುರುಮಾಡಿದರು. ಎಷ್ಟು ಹೇಳಿಕೊಟ್ಟರೂ ಅದೇ ಭಾಷಣ. ಕಡೆಗೆ ಮೈಕನ್ನು ನನ್ನತ್ತ ದೂಡಿದರು.

"ನೀನೇ ಮಾಡ್ ಮಾರಾಯಾ. ನನ್ ಹಾಂಗೆ ಮಾತಾಡುಕೆ ನಂಗಿಂತ ನೀನೇ ಲಾಯ್ಕ್."

ಹೊಸಿಲಿನ ಎಚ್ಚರಿಕೆಯನ್ನು ಸೇರಿಸಲು ಹೇಳಿದ್ದು ಶೀನಣ್ಣನೇ. ಮೇಡಂ ಕೂಡ ಜವಾನರ ಕೆಲಸಕ್ಕೆ ಒಂದು ಸಾಲು ಸೇರಿಸಿದರು: ಬಂದವರನ್ನು ಕೈಹಿಡಿದು ಮೇಜಿಗೆ ಕರೆತರುವುದು. ಸ್ಟೂಲು ಬಾಗಿಲಿಗೆ ಮರಳಿತು. ಅವರು ನಿವೃತ್ತರಾಗುವವರೆಗೂ ಅಲ್ಲಿಂದ ಅಲ್ಲಾಡಲಿಲ್ಲ.

ಇವತ್ತು ಶೀನಣ್ಣ ವಿಧವಾ ಪಿಂಚಣಿಗೆಂದು ತಮ್ಮ ತಂಗಿಯನ್ನು ಯಡ್ತರೆಯಿಂದ ಕರೆದುಕೊಂಡು ಬಂದಿದ್ದರು. ಶೀನಣ್ಣನ ಮೊಣಕಾಲು ಈಗ ಸರಿಯಾಗಿ ಬಗ್ಗುವುದಿಲ್ಲ. ಎದ್ದು ಹೋಗಿ ಕರೆಯಬಹುದಿತ್ತು, ನನ್ನ ಹುಡುಗಾಟ ಬಿಡಬೇಕಲ್ಲ, ಯಂತ್ರವನ್ನು ಒತ್ತಿದೆ. "ಹೊಸ್ಲ್ ಎತ್ರ ಇತ್ತ್, ಕಾಲ್ ಕಾಂತಾ ಬನ್ನಿ!" ತಂಗಿ ದಾಟಿದರು. ಶೀನಣ್ಣ ಸ್ಪೀಕರನ್ನು ಒಮ್ಮೆ ದುರುಗುಟ್ಟಿ, ಆಮೇಲೆ ಕೆಳಗೆ ನೋಡಿ, ಹೇಳಿದ ಹಾಗೇ ಕಾಲೆತ್ತಿ ಇಟ್ಟರು.

"ಎಂತ ಅಧಿಕಾರ ಮಾರಾಯಾ ಅವಂದ್!" ಎನ್ನುತ್ತ ನನ್ನ ಎದುರು ಕೂತರು.

"ಸ್ವರ ಹ್ಯಾಂಗಿತ್ತ್ ಶೀನಣ್ಣ?"

ಮೊಣಕಾಲು ಉಜ್ಜಿಕೊಂಡರು. "ಈಗ ಮೂಗಲ್ ಬತ್ತಿಲ್ಲೆ."

ಅರ್ಜಿ ಅಲ್ಲೇ ಮುಗಿಯಿತು. ಹೊರಟಾಗ ಎದ್ದು, ಅವರ ಕೈ ಹಿಡಿದು ಹೊಸಿಲು ದಾಟಿಸಿದೆ. ನನ್ನ ಹುದ್ದೆಯಲ್ಲಿ ಆ ಕೆಲಸ ಇಲ್ಲ.