ಇಪ್ಪೆಮರದ ಆಚೆ ಬದಿ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ಎಲೆ ಉದುರಿಸಿ ನಿಂತ ಇಪ್ಪೆಮರದಿಂದ ಹೂಗಳು ತಪ್ ತಪ್ ಎಂದು ಬೀಳುತ್ತಿವೆ. ಹುಳಿಬಂದ ಬೆಲ್ಲದಂಥ ವಾಸನೆ. ಸೋಮಮ್ಮ ಕಂದೀಲು ಪಕ್ಕದಲ್ಲಿಟ್ಟು, ಕುಕ್ಕರುಗಾಲಲ್ಲಿ ಕೂತು ಮಂಕರಿಗೆ ಹೂವು ಆಯುತ್ತಿದ್ದಾರೆ. ಬುಡದ ಈಚೆ ಬದಿಯಲ್ಲಿ ಮಾತ್ರ. ಆಚೆ ಹಾಸಿದಂತೆ ಬಿದ್ದಿದ್ದರೂ ಅತ್ತ ಅವರ ಕೈ ಹೋಗುವುದಿಲ್ಲ. ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನಾನು ಯಾಕೆಂದು ಕೇಳುತ್ತೇನೆ.

"ಅದು ನಮ್ಮಕ್ಕನ ಪಾಲು ಸಾ."

ಅಕ್ಕನೆಂದರೆ ಓರಗಿತ್ತಿ ಗುರುಸಿದ್ದಮ್ಮ. ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರೂ ಶಿವರಾತ್ರಿ ಕಳೆದ ಮೇಲೆ ಜೊತೆಯಾಗಿ ಇಲ್ಲಿಗೆ ಬರುತ್ತಿದ್ದರು. ಒಬ್ಬರು ಈಚೆ, ಒಬ್ಬರು ಆಚೆ, ಬಾಯಿ ತುಂಬ ಮಾತು. ಎರಡು ದೀಪಾವಳಿಗಳ ಹಿಂದೆ ಗುರುಸಿದ್ದಮ್ಮ ಜ್ವರದಿಂದ ತೀರಿಕೊಂಡರು.

ಈ ಕೆಲಸ ಸುಲಭದ್ದಲ್ಲ. ಸಿಹಿಗೆ ಕರಡಿ ಬರುತ್ತದೆ. ಮದರಾಸಿಗೆ ಸೇರಿದ ಈ ಸೀಮೆಗೆ ಸರ್ಕಾರದ ಪಾನನಿರೋಧ ಬಂದ ಮೇಲೆ ಮಂಕರಿ ಕಂಡವರಿಗೆಲ್ಲ ಅನುಮಾನ.

"ಬಟ್ಟಿ ಇಳ್ಸಕ್ಕಾ ಅಂತಾರೆ. ನಮ್ಗೆ ಉಣ್ಣಕ್ಕೆ ಸಾ. ಒಣಗ್ಸಿ, ಉರುದು, ರಾಗಿ ಜೊತೇಲಿ ಕುಟ್ಟಿ ಉಂಡೆ ಕಟ್ಟುದ್ರೆ ಬಿತ್ತನೆ ಮುಗಿಯೋಗಂಟ ಮಕ್ಳ ಒಟ್ಟೆಗಾಯ್ತದೆ."

ಅಕ್ಕ ಹೋದ ಮೇಲಿನ ಮೊದಲ ಹೂವಿಗೆ ಸೋಮಮ್ಮ ಒಬ್ಬರೇ ಬಂದರು. ಈಚೆಯದು ಮುಗಿಸಿ, ಆಚೆಯದನ್ನೂ ಆಯೋಣವೆಂದು ಎದ್ದರು.

"'ಈ ಕಡೀಕೆ ಬರ್ಬ್ಯಾಡ ಕಣಮ್ಮಿ' ಅಂದ್ಲು ಸಾ. ಅಕ್ಕನ ದನಿಯೇ. ಜರ ಬಂದಾಗ ಒಡೆದೋಗಿತ್ತಲ್ಲ, ಅಂಗೇ ಇತ್ತು. ಅಲ್ಲೇ ಕುಂತ್ಬುಟ್ಟೆ."

ಬೆಳಕಾದ ಮೇಲೆ ನೋಡಿದರೆ ಆಚೆ ಬದಿಯ ಹೂವೆಲ್ಲ ತುಳಿದು ಹೊಸಗಿಹೋಗಿತ್ತು. ತೊಗಟೆಯ ಮೇಲೆ ಕರಡಿಯ ಉಗುರಿನ ಗೀರು. ಗೀರಿನಿಂದ ಹಾಲು ಇನ್ನೂ ಒಸರುತ್ತಿತ್ತು. ಸುದ್ದಿ ಹರಡಿದ ಮೇಲೆ ಊರಿನ ಹೆಂಗಸರು ಈ ಮರದ ಕಡೆಗೆ ಬರುವುದನ್ನೇ ಬಿಟ್ಟರು. ಅವರು ಹೆದರಿದ್ದು ಕರಡಿಗಲ್ಲ.

ಮಾತಿನ ನಡುವೆ ಬುಡದಾಚೆ ತರಗೆಲೆ ಸರಿದ ಸದ್ದಾಗುತ್ತದೆ. ಆಮೇಲೆ ಇನ್ನೊಂದು ಸದ್ದು: ಹಿಡಿ ಹೂವನ್ನು ಬುಟ್ಟಿಗೆ ಸುರಿದಂತೆ. ನಾನು ಅತ್ತ ಕತ್ತು ತಿರುಗಿಸುತ್ತೇನೆ. ಸೋಮಮ್ಮ ತಲೆ ಎತ್ತುವುದಿಲ್ಲ.

"ಅತ್ಲಾಗೆ ನೋಡ್ಬ್ಯಾಡಿ ಸಾ. ನಾಚ್ಕತಾಳೆ."

ಮೂಡಲಲ್ಲಿ ಕೆಂಪು ಹರಡಿದಾಗ ಧೈರ್ಯ ಮಾಡಿ ಸುತ್ತಿ ಬರುತ್ತೇನೆ. ನೆಲ ಬರಿದಾಗಿದೆ. ಒಂದು ಹೂವಿಲ್ಲ, ಹೆಜ್ಜೆಯ ಗುರುತೂ ಇಲ್ಲ.

ಹೆದರಿಕೆ ಆಗುವುದಿಲ್ಲವೇ ಎಂದು ಕೇಳುತ್ತೇನೆ. ಸೋಮಮ್ಮ ಸಿಂಬಿ ಸರಿಮಾಡಿ ಮಂಕರಿಯನ್ನು ತಲೆಗೇರಿಸಿಕೊಳ್ಳುತ್ತಾರೆ.

"ಆಯ್ತದೆ ಸಾ, ಆಗ್ದೆ ಏನು? ನಾನೇನ್ ಯೋಳುದ್ರೂ ಅವ್ಳು ಈಗ ಸುಮ್ಕಿರ್ತಾಳೆ. ಬರೋ ವರ್ಸ ಊರಿಂದ ಯಾರಾರ ಒಬ್ರು ಜೊತೇಗ್ ಬಂದ್ರೆ ಸಾಕು. ಉಸ್ರಿರೋರು. ಕೂಗುದ್ರೆ 'ಓ' ಅನ್ನೋರು."