ಆಟದ ಕೋಣೆಯಲ್ಲಿ ನಿದ್ದೆ ಹೋದ ಮೇಡಂ

ಕಳೆದ ವರ್ಷ ಜುಲೈ ತಿಂಗಳ ಒಂದು ಬುಧವಾರ ಮಧ್ಯಾಹ್ನ, ನಂಜನಗೂಡಿನ ನಮ್ಮ ಮಕ್ಕಳ ಕೇಂದ್ರದ ಆಟದ ಕೋಣೆಯಲ್ಲಿ ಆಪ್ತಸಮಾಲೋಚಕಿ ನಿದ್ದೆ ಹೋದರು. ಅವರನ್ನು ಮಲಗಿಸಿದ್ದು ಏಳು ವರ್ಷದ ಒಬ್ಬ ಹುಡುಗಿ.

ನಮ್ಮಲ್ಲಿಗೆ ಬರುವವರು ದೊಡ್ಡ ಆಘಾತ ಕಂಡ ಮಕ್ಕಳು. ಆ ಹುಡುಗಿಗೆ ಏನಾಗಿತ್ತು ಎಂಬುದು ಅವಳ ವಿಷಯ. ಅದನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಮಕ್ಕಳನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದರೆ ಬಾಯಿ ಬಿಡುವುದಿಲ್ಲ. ಅದಕ್ಕೇ ಆಟದ ಕೋಣೆ. ಅಲ್ಲಿ ಚಾಪೆ, ಗೊಂಬೆ, ಜೇಡಿಮಣ್ಣು, ಆಟದ ಪಾತ್ರೆಗಳು ಇವೆ. ಮಗು ಹೇಳಿದ ಪಾತ್ರವನ್ನು ದೊಡ್ಡವರು ಮಾಡಬೇಕು ಎಂಬುದು ಆ ಕೋಣೆಯ ನಿಯಮ. ಮಗು ಡಾಕ್ಟರಾದರೆ ಮೇಡಂ ರೋಗಿ, ಮಗು ಪೊಲೀಸಾದರೆ ಮೇಡಂ ಕಳ್ಳಿ. ಅವಧಿ ಮುಗಿಯುವವರೆಗೆ ಹೊರಗಿನವರು ಬಾಗಿಲು ತೆಗೆಯುವಂತಿಲ್ಲ.

ನಾನು ಕೇಂದ್ರದ ಕಚೇರಿ ಕೆಲಸ ನೋಡಿಕೊಳ್ಳುವವನು. ಅದಕ್ಕೂ ಮೊದಲು ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದೆ. ನನ್ನ ಮೇಜು ಆ ಬಾಗಿಲಿನ ಹೊರಗೇ ಇದೆ.

ಆಗ ಮೇಡಂ ಎರಡು ಊರು ನೋಡಿಕೊಳ್ಳುತ್ತಿದ್ದರು. ತಿ. ನರಸೀಪುರದ ಕೇಂದ್ರದಲ್ಲಿದ್ದವರು ಬಿಟ್ಟು ಹೋಗಿದ್ದರಿಂದ, ಹೊಸಬರು ಸಿಗುವ ತನಕ ಎಂದು ಇವರೇ ಒಪ್ಪಿಕೊಂಡಿದ್ದರು. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಬಸ್ಸು ಹಿಡಿದು ಇಲ್ಲಿಗೆ. ಮಕ್ಕಳು ಹೇಳಿದ್ದೆಲ್ಲ ಅವರ ಜೊತೆ ಮನೆಗೂ ಹೋಗುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತೇನೆ ಎಂದಿದ್ದರು. ರಜೆ ಹಾಕಿ ಎಂದರೆ, "ಮಕ್ಳು ಬಂದು ಬಾಗ್ಲಲ್ಲಿ ನಿಂತ್ರೆ ಏನ್ ಹೇಳ್ತೀರಾ ಸರ್?" ಎಂದು ನನ್ನನ್ನೇ ಕೇಳುತ್ತಿದ್ದರು.

ಆ ಬುಧವಾರ ಬಸ್ಸಿಳಿದು ಬಂದವರೇ, "ಈ ತಿಂಗ್ಳು ಮುಗಿಸಿ ಬಿಟ್ಬಿಡ್ತೀನಿ ಸರ್. ನಂಗಾಗ್ತಿಲ್ಲ" ಎಂದರು. ಅವರು ಹೋದರೆ ಎರಡೂ ಕೇಂದ್ರಗಳಿಗೆ ಬೀಗ. ಚೀಲವನ್ನು ನನ್ನ ಮೇಜಿನ ಮೇಲಿಟ್ಟು, ಹುಡುಗಿಯ ಕೈ ಹಿಡಿದು ಒಳಗೆ ಹೋದರು.

ಹುಡುಗಿಯನ್ನು ಕವಲಂದೆಯಿಂದ ಕರೆತಂದಿದ್ದ ಅಜ್ಜಿ ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅವಧಿ ಮುಗಿಯುವ ಮೊದಲೇ ಬಾಗಿಲು ತೆರೆಯಿತು. ಹುಡುಗಿ ಒಬ್ಬಳೇ ಹೊರಗೆ ಬಂದು, ಸದ್ದಾಗದಂತೆ ಬಾಗಿಲು ಮುಚ್ಚಿ, ನೇರ ನನ್ನ ಹತ್ತಿರ ಬಂದಳು.

"ಶ್! ಪಾಪು ಮನಗದೆ. ಟಕಟಕ ಅನ್ನುಸ್ಬ್ಯಾಡ."

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಅಲ್ಲಿಯವರೆಗೆ ಗಂಡಸರ ದನಿ ಕೇಳಿದರೆ ಅಜ್ಜಿಯ ಸೆರಗಿನ ಹಿಂದೆ ನಿಲ್ಲುತ್ತಿದ್ದ ಹುಡುಗಿ ಅವಳು. ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು.

"ಯಾವ್ ಪಾಪು ಕೂಸೇ?" ಎಂದರು ಅಜ್ಜಿ.

"ಮೇಡಮ್ಮು. ಉಣ್ಣುಸ್ದೆ, ಬೆನ್ ತಟ್ಟುದ್ನಾ, ಮನಿಕ್ಕತ್ತು."

ನಿಯಮ ಮುರಿದು ಬಾಗಿಲು ತೆಗೆದೆ. ಮೇಡಂ ಚಾಪೆಯ ಮೇಲೆ ಮುದುರಿ ಮಲಗಿದ್ದರು. ತಲೆಯ ಹತ್ತಿರ ಆಟದ ತಟ್ಟೆ, ಪಾದದ ಮೇಲೆ ಹುಡುಗಿಯ ಸ್ವೆಟರ್. ಗೊರಕೆ ಮಾತ್ರ ಆಟದ್ದಲ್ಲ. ನಾನು ಕರೆಯಲು ಹೋದಾಗ ಅಜ್ಜಿ ತಡೆದರು.

"ಎಬ್ಬುಸ್ಬ್ಯಾಡಿ ಸಾ. ಊರ್ ಮಕ್ಳ ಸಂಕ್ಟಾನೆಲ್ಲಾ ಒಬ್ರೇ ಒತ್ಕಂಡ್ ತಿರ್ಗೋದು ಅಂದ್ರೆ ಸುಮ್ಕಾ?"

ಬಾಗಿಲು ತೆರೆದಿಟ್ಟು ಮೂವರೂ ಹೊಸ್ತಿಲ ಬಳಿ ಕಾದೆವು. ಎಚ್ಚರವಾದಾಗ ಮೇಡಂ ಅವರ ಕೆನ್ನೆಯ ಮೇಲೆ ಚಾಪೆಯ ಗೆರೆಗಳಿದ್ದವು. ನಮ್ಮನ್ನು ನೋಡಿ ಗಾಬರಿಯಿಂದ ಎದ್ದರು. "ಮುಕ ತೊಳ್ಕೊ ಓಗು" ಎಂದಳು ಹುಡುಗಿ. ಅವಧಿ ಇನ್ನೂ ಮುಗಿದಿರಲಿಲ್ಲ. ಮೇಡಂ ಹೋಗಿ ಮುಖ ತೊಳೆದುಕೊಂಡರು.

"ನಮ್ ಕೂಸು ಚೆಂದಾಗ್ ತಟ್ತಾ ಮೇಡಮ್ಮೋರೇ?" ಎಂದು ಅಜ್ಜಿ ಕೇಳಿದರು. ಬಹಳ ದಿನಗಳ ಮೇಲೆ ಮೇಡಂ ನಕ್ಕಿದ್ದು ಆಗಲೇ.

ತಿಂಗಳಿಗೊಮ್ಮೆ ಮೈಸೂರಿನಿಂದ ಹಿರಿಯ ತಜ್ಞೆಯೊಬ್ಬರು ಬರುತ್ತಾರೆ. ಮಕ್ಕಳ ಮಾತು ಕೇಳುವವರ ಮಾತನ್ನು ಕೇಳುವುದು ಅವರ ಕೆಲಸ. ಆ ಸಲ ಅವರು ಬಂದಾಗ ಮೇಡಂ ನಡೆದದ್ದನ್ನೂ, ಬಿಟ್ಟು ಹೋಗುವ ಯೋಚನೆಯನ್ನೂ ನನ್ನೆದುರೇ ಅವರ ಮುಂದಿಟ್ಟರು.

"ಮಗು ಹೇಳಿದ ಪಾತ್ರ ಮಾಡಿ ಅಂದಿದ್ದೆ. ಇಷ್ಟು ಚೆನ್ನಾಗಿ ಮಾಡಿ ಅಂದಿರ್ಲಿಲ್ಲ ಕಣ್ರೀ" ಎಂದರು ಹಿರಿಯರು. ಆಮೇಲೆ ನಗು ನಿಲ್ಲಿಸಿದರು. "ಅಷ್ಟೊತ್ತು ಮಗು ಮೇಲೆ ದೊಡ್ಡವ್ರ ಕಣ್ಣಿರ್ಲಿಲ್ಲ. ಇನ್ನೊಂದ್ ಸಲ ಹಾಗಾಗ್ಬಾರ್ದು. ಮೊದ್ಲು ನರಸೀಪುರದ ಬಸ್ಸು ಹತ್ತೋದು ಬಿಡಿ, ಹೋಗಿ ನಿದ್ದೆ ಮಾಡಿ. ಕೆಲ್ಸ ಬಿಡೋ ಮಾತು ಆಮೇಲೆ."

ಮೇಡಂ ರಜೆ ಹಾಕಿ ಸೋಮನಾಥಪುರದ ಅಕ್ಕನ ಮನೆಗೆ ಹೋದರು. ಬಾಗಿಲಿಗೆ ಬಂದ ಮಕ್ಕಳಿಗೆ, ಮೇಡಂ ಸುಸ್ತಾಗಿ ಮಲಗಿದ್ದಾರೆ ಎಂದು ಇದ್ದದ್ದನ್ನೇ ಹೇಳಿದೆ. "ಇನ್ನೂ ಎದ್ದಿಲ್ವಾ ಸಾ?" ಎಂದು ಎರಡನೇ ವಾರ ಒಬ್ಬ ಕೇಳಿದ. ಮೂರನೇ ವಾರ ಮೇಡಂ ವಾಪಸ್ ಬಂದರು. ಕೆಲಸ ಬಿಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ನರಸೀಪುರಕ್ಕೆ ಈಗ ಬೇರೆ ಆಪ್ತಸಮಾಲೋಚಕಿ ಇದ್ದಾರೆ. ಮೇಡಂ ನಂಜನಗೂಡಿನಲ್ಲಿ ಮಾತ್ರ; ಗುರುವಾರ ಅವರಿಗೆ ಬಿಡುವು, ಯಾವ ಮಗುವನ್ನೂ ನೋಡುವುದಿಲ್ಲ.

ಹೋದ ಬುಧವಾರ ಹುಡುಗಿ ಮತ್ತೆ ಅಮ್ಮನಾದಳು. ಉಣ್ಣಿಸಿ, ಚಾಪೆ ಹಾಸಿ, ಬೆನ್ನು ತಟ್ಟಿದಳು. ಮೇಡಂಗೆ ನಿದ್ದೆ ಬರಲಿಲ್ಲ. "ಅಂಗಾರೆ ಎದ್ದು ಇಸ್ಕೂಲ್ಗೆ ಓಗು" ಎಂದಳು. ಮೇಡಂ ಹುಡುಗಿಯ ಬ್ಯಾಗು ಹೆಗಲಿಗೇರಿಸಿ, ಅವಳು ಕಾಣುವಂತೆ ಬಾಗಿಲು ತೆರೆದಿಟ್ಟು, ಹೊರಗೆ ಬಂದು ಬೆಂಚಿನಲ್ಲಿ ಅಜ್ಜಿಯ ಪಕ್ಕ ಶಾಲೆಯ ಮಗುವಿನಂತೆ ಕೈಕಟ್ಟಿ ಕೂತರು.